ಚಕ್ಕೋತದ ಮರದ ಪರವಾಗಿ ಒಂದು ಪ್ರಬಂಧ

ಓದುಗರನ್ನು ಒಪ್ಪಿಸುವಂತೆ ಪ್ರಬಂಧ ಬರೆಯುವುದು ಹೇಗೆಂದು ವರ್ಷಗಟ್ಟಲೆ ಹೇಳಿಕೊಟ್ಟವನು ನಾನು. ಬೆಳಗ್ಗೆ ಉಪ್ಪಿಟ್ಟು ಬೇಡವೆಂದು ಮನೆಯವರನ್ನು ಒಪ್ಪಿಸಲು ಇದುವರೆಗೂ ನನ್ನಿಂದಾಗಿಲ್ಲ, ಆ ಮಾತು ಬೇರೆ. ದೇವನಹಳ್ಳಿಯ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು. ತಲೆಯ ಮೇಲೆ ವಿಮಾನ ಬಂದರೆ ಪಾಠ ನಿಲ್ಲಿಸಿ, ಅದು ಹೋದ ಮೇಲೆ ಮುಂದುವರಿಸುತ್ತೇನೆ. ಮಕ್ಕಳಿಗೆ ನಾನು ಹೇಳುವ ದೊಡ್ಡ ಗುಟ್ಟು ಇದು: "ಎದುರಾಳಿಯ ವಾದವನ್ನು ಮೊದಲು ನೀವೇ ಹೇಳಿಬಿಡಿ, ಅವನಿಗಿಂತ ಚೆನ್ನಾಗಿ ಹೇಳಿ. ಆಮೇಲೆ ಒಂದೊಂದಾಗಿ ಮುರಿಯಿರಿ."

ಈ ವಿದ್ಯೆಯನ್ನು ಮನೆಯಲ್ಲೇ ಪ್ರಯೋಗಿಸುವ ಕಾಲ ಬಂತು. ನಮ್ಮ ಹಿತ್ತಲಲ್ಲಿ ಅಪ್ಪ ನೆಟ್ಟ ಚಕ್ಕೋತದ ಮರವಿದೆ. ವಿಮಾನ ನಿಲ್ದಾಣ ಬಂದ ಮೇಲೆ ಊರವರೆಲ್ಲ ಹಿತ್ತಲಲ್ಲಿ ಕೋಣೆ ಕಟ್ಟಿ, ಅಲ್ಲಿನ ಕೆಲಸದವರಿಗೆ ಬಾಡಿಗೆಗೆ ಕೊಡತೊಡಗಿದರು. ಅಮ್ಮನಿಗೂ ಆ ಆಸೆ ಹತ್ತಿತು. ಭಾನುವಾರ ಬಾ ಎಂದು ಮರ ಕಡಿಯುವವನಿಗೆ ಹೇಳಿಯೂ ಬಿಟ್ಟಳು. ನನಗೆ ಮಾತ್ರ ಮರವೇ ಬೇಕಿತ್ತು. ಆ ಮರದ ಹಣ್ಣಿನ ತೊಳೆಗೆ ಉಪ್ಪುಖಾರ ಹಚ್ಚಿಕೊಂಡು ತಿಂದೇ ನಾನು ಬೆಳೆದದ್ದು.

ಶನಿವಾರ ಸಂಜೆ ಪ್ರಬಂಧ ಬರೆದು, ಅವರೆಕಾಯಿ ಬಿಡಿಸುತ್ತಿದ್ದ ಅಮ್ಮನ ಮುಂದೆ ನಿಂತು ಓದಿದೆ. ನನ್ನ ಹೆಂಡತಿ ಸರೋಜ ಅಡುಗೆಮನೆಯ ಬಾಗಿಲಲ್ಲಿದ್ದಳು. ನಿಯಮದಂತೆ ಮೊದಲು ಎದುರಾಳಿಯ ಪಕ್ಷ. ಕೋಣೆ ಕಟ್ಟಿದರೆ ಬಾಡಿಗೆ ಬರುತ್ತದೆ. ಹಿತ್ತಲಲ್ಲಿ ಜನವಿದ್ದರೆ ಕಳ್ಳರ ಭಯವಿಲ್ಲ. ಮೇಲೆ ತಾರಸಿ ಸಿಕ್ಕಿದರೆ ಹಪ್ಪಳ ಒಣಗಿಸಲೂ ಜಾಗ. ಅಮ್ಮನ ಕಣ್ಣು ಅರಳಿತು.

"ಹಪ್ಪಳದ ವಿಷ್ಯ ನಂಗೆ ಹೊಳ್ದೇ ಇರ್ಲಿಲ್ಲ ಕಣಪ್ಪಾ! ನೀನು ಒಪ್ಪಲ್ಲ ಅಂದ್ಕೊಂಡಿದ್ದೆ, ಸದ್ಯ!" ಎಂದು ಮೊರ ಹಿಡಿದು ಎದ್ದಳು.

"ಅಮ್ಮಾ, ಇನ್ನೂ ಅರ್ಧ ಇದೆ, ಕೂತ್ಕೋ!"

"ಸಾಕು ಬುಡೋ, ಎಲ್ಲಾ ಅರ್ಥ ಆಯ್ತು."

ನಾನೇ ಕೈಯಾರೆ ಮರಕ್ಕೆ ಕೊಡಲಿ ಹಾಕಿದ್ದೆ. ಆಗ ಸರೋಜ ಮೆಲ್ಲಗೆ, "ಕಡಿಸ್ಬಿಡಿ ಅತ್ತೆ, ಒಳ್ಳೇದೇ. ಬಾಡಿಗೆಯೋರು ಪಾಪ, ನೀರಿಗೆ ಎಲ್ಲಿಗೆ ಹೋಗ್ತಾರೆ? ನಮ್ಮ ಸಂಪಲ್ಲೇ ತುಂಬ್ಕೊಳ್ಲಿ," ಎಂದಳು.

ನಮ್ಮ ಬೀದಿಗೆ ನಲ್ಲಿ ನೀರು ಬರುವುದೇ ಅಪರೂಪ. ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವಳು ನಮ್ಮಮ್ಮ.

"ನನ್ನ ಸಂಪಿಗೆ ಬಿಂದಿಗೆ ಇಳಿಬಿಡ್ತಾರಾ? ಯಾವನವನು?" ಎಂದವಳೇ ಮರ ಕಡಿಯುವವನಿಗೆ ಫೋನು ಮಾಡಿಸಿ, ಬರಬೇಡವೆಂದಳು.

ಮರ ಉಳಿಯಿತು. ಸಂತೋಷಕ್ಕೆ ನನ್ನ ಕಣ್ಣು ಒದ್ದೆಯಾಯಿತು. ಆದರೂ ಮೇಷ್ಟ್ರ ಸಂಕಟ ಸುಮ್ಮನಿರಬೇಕಲ್ಲ! ಉಳಿದರ್ಧವನ್ನು ಸರೋಜಳಿಗೆ ಓದಿ, "ಹೇಗಿತ್ತೇ?" ಎಂದೆ.

"ಅಬ್ಬಾ, ಎಷ್ಟು ಚೆನ್ನಾಗಿ ಬರ್ದಿದ್ದೀರಿ ರೀ! ಈ ಮರದ ಮೇಲೆ ನಿಮ್ಗಿರೋ ಪ್ರೀತಿ ಮನೇಲಿ ಇನ್ಯಾರಿಗಿದೆ ಹೇಳಿ? ನಾನಾದ್ರೆ ಕಸ ಅಂದ್ಕೊಂಡೇ ಅದರ ಎಲೆ ಗುಡಿಸ್ತೀನಿ."

ಮಾರನೆಯ ಬೆಳಗಿನಿಂದ ಹಿತ್ತಲು ಗುಡಿಸುವವನು ನಾನೇ. ಯಾರ ಬಲವಂತವೂ ಇಲ್ಲ, ನಾನಾಗಿಯೇ ಯೋಚಿಸಿ ತೆಗೆದುಕೊಂಡ ತೀರ್ಮಾನ.