ಊಟವಾದ ಮೇಲೆ ಹತ್ತು ಪುಟ

ನಮ್ಮ ಸೋದರತ್ತೆಯ ಮನೆಗೆ ಹೋಗಿ ಬರಿಗೈಯಲ್ಲಿ ವಾಪಸು ಬಂದವರು ಈ ಜಿಲ್ಲೆಯಲ್ಲೇ ಇಲ್ಲ. ಹೊಳೆನರಸೀಪುರದವರು ಅಂದಮೇಲೆ ನಾಲ್ಕು ತೆಂಗಿನಕಾಯಿ ಕೊಟ್ಟು ಕಳಿಸುತ್ತಾರೆ ಅಂದುಕೊಂಡಿರಾ? ಆ ಪುಣ್ಯ ನಮಗೆಲ್ಲಿ ಬರಬೇಕು! ಅವರು ಕೊಡುವುದು ಪುಸ್ತಕ. ಕೊಟ್ಟು ಸುಮ್ಮನಿರುವ ಪೈಕಿಯೂ ಅಲ್ಲ. "ದಿನಾ ಊಟ ಆದ್ಮೇಲೆ ಹತ್ತು ಪುಟ. ಖಾಲಿ ಒಟ್ಟೇಲಿ ಬ್ಯಾಡ. ಮಧ್ಯದಲ್ಲಿ ಬುಟ್ಟುಬುಡಬ್ಯಾಡ, ಕೋರ್ಸು ಪೂರ್ತಿ ಮಾಡ್ಬೇಕು" ಎಂದು ಹೇಳಿಯೇ ಗೇಟು ದಾಟಿಸುತ್ತಾರೆ.

ಯಾಕೆಂದರೆ ಅತ್ತೆ ನಿವೃತ್ತ ನರ್ಸು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ, ವರ್ಗವಾದ ಕಡೆಯೆಲ್ಲ ಲಸಿಕೆ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ಸುತ್ತಿದವರು. ಇವತ್ತು ಆ ಕಡೆ ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಗಂಡಸರು ಒಂದು ಕಾಲದಲ್ಲಿ ಅತ್ತೆಯ ಸೂಜಿ ನೋಡಿ ಚಡ್ಡಿ ಒದ್ದೆ ಮಾಡಿಕೊಂಡವರೇ. ನಿವೃತ್ತಿಯಾದಾಗ ಮುಚ್ಚಳ ಮುರಿದು ಮೂಲೆಗೆ ಬಿದ್ದಿದ್ದ ಹಳೆಯ ನೀಲಿ ಡಬ್ಬಿಯೊಂದನ್ನು ಕೇಳಿ ಪಡೆದು ಮನೆಗೆ ತಂದರು. ಅದರೊಳಗೆ ಈಗ ಐಸಿನ ಬದಲು ಪುಸ್ತಕಗಳಿವೆ.

ಲಸಿಕೆಗೆ ಇದ್ದ ಹಾಗೆ ಪುಸ್ತಕಕ್ಕೂ ಅತ್ತೆಯದೊಂದು ಪಟ್ಟಿ ಇದೆ. ಒಂದೂವರೆ ವರ್ಷಕ್ಕೆ ಅಗಿದರೂ ಹರಿಯದ ದಪ್ಪ ರಟ್ಟಿನ ಚಿತ್ರದ ಪುಸ್ತಕ. ಐದಕ್ಕೆ ನರಿ, ಕರಡಿ. ಹತ್ತಕ್ಕೆ ಮಂತ್ರವಾದಿ, ರಾಕ್ಷಸ. ಹದಿನಾಲ್ಕಕ್ಕೆ ಪತ್ತೇದಾರಿ. ಇಪ್ಪತ್ತೊಂದಕ್ಕೆ ಪ್ರೇಮ ಕಾದಂಬರಿ, ಅದೂ ದುಃಖಾಂತದ್ದೇ ಆಗಬೇಕು. "ಈ ವಯಸ್ನಲ್ಲಿ ಪುಸ್ತಕದಾಗೇ ಒಂದ್ಸಲ ಅತ್ಕಂಡುಬುಟ್ರೆ ಆಮ್ಯಾಕೆ ನಿಜವಾದ ಜ್ವರ ಬಂದಾಗ ತಡ್ಕತಾರೆ ಕಣೋ" ಎನ್ನುವುದು ಅವರ ವೈದ್ಯಶಾಸ್ತ್ರ. ನಲವತ್ತಕ್ಕೆ ಪ್ರವಾಸಕಥನ, ಏಕೆಂದರೆ ಆ ವಯಸ್ಸಿನಲ್ಲಿ ಮನೆ ಬಿಟ್ಟು ಎಲ್ಲಿಗೂ ಹೋಗಲು ಆಗುವುದಿಲ್ಲ. ಅರವತ್ತು ದಾಟಿದವರಿಗೆ ಮತ್ತೆ ಮಂತ್ರವಾದಿ, ರಾಕ್ಷಸ.

ಪ್ರತಿಯೊಬ್ಬರಿಗೂ ಒಂದು ಕಾರ್ಡು. ಹೆಸರು, ವಯಸ್ಸು, ಕೊಟ್ಟ ಪುಸ್ತಕ, ಕೊನೆಯಲ್ಲಿ "ಅಡ್ಡ ಪರಿಣಾಮ" ಎಂಬ ಕಾಲಂ. ಚನ್ನರಾಯಪಟ್ಟಣದ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರಿಗೆ ಬಿಪಿ ಇದೆಯೆಂದು ಅತ್ತೆ ಬರೀ ಕವಿತೆ ಕೊಟ್ಟಿದ್ದರು. ಮೇಷ್ಟ್ರು ತಿಂಗಳೊಪ್ಪತ್ತಿನಲ್ಲಿ ಸೊರಗಿ, ಮೊಮ್ಮಗನಿಗೆ ಕೊಟ್ಟಿದ್ದ ಪತ್ತೇದಾರಿ ಪುಸ್ತಕವನ್ನು ಕದ್ದು ಬಚ್ಚಲುಮನೆಯಲ್ಲಿ ಕೂತು ಓದಿಬಿಟ್ಟರು. ಅತ್ತೆಗೆ ಸುದ್ದಿ ಮುಟ್ಟಿತು. "ಮಕ್ಕಳ ಡೋಸ್ನ ನೀವು ಕುಡುದ್ಬುಟ್ರೆ ಮಗೀಗೆ ಏನ್ ಕೊಡ್ಲಿ ಮೇಷ್ಟ್ರೆ?" ಎಂದು ಕೇಳಿದರಂತೆ. ಇಡೀ ಶಾಲೆಯನ್ನು ಸೀಟಿಯಲ್ಲಿ ನಡೆಸಿದ್ದ ಮನುಷ್ಯ ತಲೆ ತಗ್ಗಿಸಿ ನಿಂತಿದ್ದರಂತೆ.

ಇನ್ನೊಮ್ಮೆ ಅರಕಲಗೂಡಿನಲ್ಲಿ ಹೊಸ ಜೋಡಿಯೊಂದಕ್ಕೆ ಎರಡು ಪುಸ್ತಕ ಕೊಟ್ಟರು. ಒಂದು ಕಾದಂಬರಿ, ಒಂದು ಅಡುಗೆ ಪುಸ್ತಕ. ಮದುಮಗಳು ಅಡುಗೆ ಪುಸ್ತಕಕ್ಕೆ ಕೈ ಚಾಚಿದಳು. ಅತ್ತೆ ಅದನ್ನು ಕಿತ್ತು ಮದುಮಗನ ಕೈಗೆ ಇಟ್ಟರು. "ಅವ್ಳು ಕಾದಂಬ್ರಿ ಮುಗಿಸೋಗಂಟ ಮನೇಲಿ ಉಣ್ಬೇಕಲ್ಲಪ್ಪ, ನೀ ಇದ ಓದು." ಮದುವೆಗೆ ಬಂದವರೆಲ್ಲ ನಕ್ಕರು, ಮದುಮಗನೊಬ್ಬನನ್ನು ಬಿಟ್ಟು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳಲೇಬೇಕು. ನಾನು ಹಾಸನದ ಒಂದು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ಮನೆಯ ಹಜಾರದಲ್ಲಿ ಗಾಜಿನ ಬೀರು ತುಂಬ ಪುಸ್ತಕಗಳಿವೆ. ಬಂದವರು "ಇಷ್ಟೂ ಓದಿದ್ದೀರಾ?" ಅಂದರೆ, ನಾನು ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ, ಕನ್ನಡಕ ತೆಗೆದು ಒರೆಸುತ್ತೇನೆ. ಬೆನ್ನುಡಿ ಓದಿ ಅರ್ಧ ಗಂಟೆ, ಮುನ್ನುಡಿಯನ್ನೂ ಓದಿಕೊಂಡಿದ್ದರೆ ಒಂದು ಗಂಟೆ ಮಾತಾಡಬಲ್ಲೆ. "ಇಂದಿನ ಯುವಜನ ಓದುತ್ತಿಲ್ಲ" ಎಂದು ವರ್ಷಕ್ಕೆ ಹತ್ತು ಕಡೆ ಕಳವಳ ವ್ಯಕ್ತಪಡಿಸಿ ಹತ್ತು ಶಾಲು ಹೊದ್ದುಕೊಂಡು ಬಂದಿದ್ದೇನೆ. ನಾನು ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಯಾವಾಗ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಮೊಬೈಲು ಬಂದ ಮೇಲಲ್ಲ.

ಇಂಥವನನ್ನು ಅತ್ತೆ ನಂಬಿದ್ದರು! ಎರಡು ವರ್ಷದಿಂದ ಅವರಲ್ಲಿ ಕೆಲವು ಹೊಸ ಚಾಳಿಗಳು ಶುರುವಾಗಿದ್ದವು. ಎಲ್ಲ ಪುಸ್ತಕಕ್ಕೂ ಬ್ರೌನ್ ಶೀಟಿನ ಅಂಗಿ ತೊಡಿಸಿ, ಮಗನ ಕೊಬ್ಬರಿ ಅಂಗಡಿಯಿಂದ ತಂದ ಗೋಣಿದಾರ ಕಟ್ಟಿ, ದಾರದಲ್ಲಿ ಗಂಟು ಹಾಕತೊಡಗಿದರು. ಒಂದು ಗಂಟು ಮಕ್ಕಳಿಗೆ, ಎರಡು ಗಂಟು ಹರೆಯದವರಿಗೆ, ಮೂರು ಗಂಟು ನಲವತ್ತು ದಾಟಿದವರಿಗೆ. ಕಾರ್ಡನ್ನು ತಾವು ಬರೆಯುವುದು ಬಿಟ್ಟು, "ನಿನ್ನ ಕಾರ್ಡು ನೀನೇ ತುಂಬು" ಅನ್ನತೊಡಗಿದರು. ಪುಸ್ತಕ ವಾಪಸು ಕೊಟ್ಟವರನ್ನು ಮೊದಲು "ಮುಗಿಸ್ದ್ಯಾ?" ಎಂದಷ್ಟೇ ಕೇಳುತ್ತಿದ್ದವರು, ಈಗ ಕೂರಿಸಿಕೊಂಡು, ಕಾಫಿ ಕೊಟ್ಟು, "ಏನೇನಿತ್ತು, ಒಂದೂ ಬುಡದಂಗೆ ಏಳು" ಅನ್ನುತ್ತಿದ್ದರು. ಇದು ಪರೀಕ್ಷೆ ಎಂದು ನಾವೆಲ್ಲ ತಿಳಿದೆವು. ವಯಸ್ಸಾದ ಮೇಲೆ ಗದರುವ ಚಪಲ ಜಾಸ್ತಿ ಎಂದು ನಾನು ಮನೆಯಲ್ಲಿ ವ್ಯಾಖ್ಯಾನವನ್ನೂ ಕೊಟ್ಟಿದ್ದೆ.

ಅವರ ಕೈಗೆ ಯಾರಾದರೂ ಹೊಸ ಪುಸ್ತಕ ತಂದುಕೊಟ್ಟರೆ ಅದು ಮೊದಲು ನನಗೇ ಬರುತ್ತಿತ್ತು. "ನೀನು ಓದ್ದೋನು. ಓದಿ ಏಳು, ಯಾರಿಗ್ ಕೊಡಾದು ಅಂತ ಆಮ್ಯಾಕೆ ನೋಡನ." ಹಾಗೆ ಬಂದ ಒಂದು ದಪ್ಪ ಪುಸ್ತಕ ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಎರಡು ತಿಂಗಳು ರೇನ್‌ಕೋಟಿನ ಜೊತೆ ಸಂಸಾರ ಮಾಡಿತು. ಬ್ರೌನ್ ಶೀಟು ಹೊದ್ದಿತ್ತಾದ್ದರಿಂದ ಬೆನ್ನುಡಿ ಕೂಡ ಕಾಣುತ್ತಿರಲಿಲ್ಲ. ಬಿಚ್ಚಿ ನೋಡಬಹುದಿತ್ತು, ಸೋಮಾರಿತನ. ಒಂದು ಭಾನುವಾರ ಅತ್ತೆ ಎದುರಿಗೆ ಕೂತು ಕೇಳಿಯೇಬಿಟ್ಟರು.

ಹಿಂದಿನ ವಾರ ಬೆಂಗಳೂರಿನಿಂದ ಬರುವಾಗ ಹಿರೀಸಾವೆಯಲ್ಲಿ ಬಸ್ಸು ನಿಂತು, ರಸ್ತೆ ಬದಿಯ ಹೋಟೆಲಿನಲ್ಲಿ ಒಳ್ಳೆಯ ಇಡ್ಲಿ ತಿಂದಿದ್ದೆ. ಬಾಯಿಗೆ ಅದೇ ಬಂತು. "ಅದು ಒಬ್ಬ ಹೋಟೆಲಿನಾಕೆಯ ಕಥೆ ಅತ್ತೆ" ಅಂದೆ. ಗಂಡ ಮಿಲಿಟರಿಗೆ ಹೋದವನು ಪತ್ತೆಯಿಲ್ಲ. ಅಣ್ಣನಿಗೆ ತಂಗಿ ಲೋಟ ತೊಳೆಯುವುದು ಅವಮಾನ. ಅವಳು ಮಾತ್ರ ಹೆದ್ದಾರಿಯಲ್ಲಿ ನಿಂತ ಪ್ರತಿ ಬಸ್ಸಿನಿಂದ ಇಳಿಯುವವರ ಮುಖ ನೋಡುತ್ತಾಳೆ. ಹೇಳುತ್ತ ಹೇಳುತ್ತ ನನಗೇ ಹುರುಪು ಬಂತು. ಅತ್ತೆ ಕಾಫಿ ಕುಡಿಯುವುದನ್ನೇ ಮರೆತಿದ್ದರು. "ಕೊನೇಗೆ ಬಂದ್ನಾ?" ಎಂದು ಕೇಳಿದರು. "ಅದನ್ನು ಓದುಗರಿಗೆ ಬಿಟ್ಟಿದ್ದಾರೆ ಅತ್ತೆ, ಆಧುನಿಕ ಶೈಲಿ" ಅಂದೆ. ಎಂಥ ಗಟ್ಟಿಗ ನೋಡಿ ನಾನು! ಅತ್ತೆ ತೃಪ್ತಿಯಿಂದ ಆ ಪುಸ್ತಕಕ್ಕೆ ಮೂರು ಗಂಟು ಹಾಕಿದರು.

ಆಮೇಲೆ ಅದು, ಕೊಡುವಾಗ ಅತ್ತೆ ಹೇಳುತ್ತಿದ್ದ ಹೋಟೆಲಿನಾಕೆಯ ಕಥೆಯ ಸಮೇತ, ಊರೂರು ಸುತ್ತಿತು. ಅರಕಲಗೂಡಿನ ಟೈಲರ್ ಹೆಂಗಸೊಬ್ಬಳು ಅಣ್ಣ ತಂಗಿ ರಾಜಿಯಾಗುವ ಭಾಗದಲ್ಲಿ ಅತ್ತುಬಿಟ್ಟೆ ಅಂದಳಂತೆ. ಡ್ರಿಲ್ ಮೇಷ್ಟ್ರು ಇನ್ನೂ ಮುಂದೆ ಹೋಗಿ, ಗಂಡ ವಾಪಸು ಬಂದು ಗುರುತು ಹೇಳದೆ ಇಡ್ಲಿ ತಿಂದು ಹೋದ ಪ್ರಸಂಗವನ್ನು ವಿವರಿಸಿದರಂತೆ. ಅತ್ತೆ ಇದನ್ನೆಲ್ಲ ಫೋನಿನಲ್ಲಿ ಹೇಳಿ, "ನೀನ್ಯಾಕೋ ಇದ್ನೆಲ್ಲ ಏಳ್ನಿಲ್ಲ?" ಎಂದು ನನ್ನನ್ನೇ ಆಕ್ಷೇಪಿಸಿದರು. ನನಗೆ ತಲೆ ಸುತ್ತಿತು. ನನ್ನ ಬಾಯಿಂದ ಹುಟ್ಟಿದ ಹೆಂಗಸು ನನಗೇ ತಿಳಿಸದೆ ಸಂಸಾರ ಹೂಡಿದ್ದಳು! ಅಂದರೆ ನನ್ನಂಥವರು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಯಾರೂ ಆ ದಾರ ಬಿಚ್ಚಿಲ್ಲ. ನರ್ಸಮ್ಮನಿಗೆ ಬೇಸರವಾಗಬಾರದೆಂದು ಒಬ್ಬೊಬ್ಬರು ಒಂದೊಂದು ಅಧ್ಯಾಯ ಸೇರಿಸಿದ್ದಾರೆ.

ಕೊನೆಗೆ ಸಿಕ್ಕಿಬಿದ್ದದ್ದು ಒಬ್ಬ ಪ್ರಾಮಾಣಿಕರ ಕೈಯಲ್ಲಿ. ಸಾಲಗಾಮೆಯ ರೈತರೊಬ್ಬರು ಒಂದು ಮಧ್ಯಾಹ್ನ ಕಾಲೇಜಿಗೆ ಬಂದು, ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬ್ರೌನ್ ಶೀಟಿನ ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಸಾ, ನರ್ಸಮ್ಮ ನಮ್ಮನೇವ್ಳಿಗೆ ಕೊಟ್ಟಿದ್ರು. ಅವ್ಳಿಗೆ ಓದಾಕ್ ಬರಾಕಿಲ್ಲ, ನಾನೇ ಓದಿ ಏಳ್ತೀನಿ. ಓಟ್ಲು ಎಂಗ್ಸು ಎಷ್ಟ್ನೇ ಪುಟಕ್ಕೆ ಬತ್ತಾಳೆ ಸಾ?"

"ಯಾಕೆ, ಬರಲಿಲ್ಲವಾ?"

"ಎಲ್ ಬತ್ತಾಳೆ ಸಾ, ಇದ್ರಲ್ಲಿ ಬರೀ ಹಡಗು, ಸಮುದ್ರ. ನಂದೇ ತಪ್ಪಿರ್ಬೇಕು ಅಂತ ಎಲ್ಡ್ ಸಲ ಓದ್ದೆ. ನಮ್ಮನೇವ್ಳು ದಿನಾ ಕೇಳ್ತಾಳೆ, ಇನ್ನೂ ಬರ್ನಿಲ್ವಾ ಅಂತ. ನರ್ಸಮ್ಮಂಗೆ ಏಳಾನ ಅಂದ್ರೆ ಬೇಜಾರ್ ಮಾಡ್ಕತಾರೆ. ನೀವೇ ಮೊದ್ಲು ಓದಿದ್ರಂತಲ್ಲ, ಅದ್ಕೆ ನಿಮ್ತವ ಬಂದೆ."

ಪಕ್ಕದ ಮೇಜಿನ ಸಹೋದ್ಯೋಗಿಗಳು ಕಿವಿ ನಿಮಿರಿಸಿದ್ದರು. ನಾನು ಕನ್ನಡಕ ತೆಗೆದು ಒರೆಸಿದೆ. ಆ ಮನುಷ್ಯ ಸುಮ್ಮನೆ, ಅನುಮಾನವೇ ಇಲ್ಲದೆ, ನಾನು ಪುಟದ ಸಂಖ್ಯೆ ಹೇಳಲಿ ಎಂದು ಕಾಯುತ್ತಿದ್ದರು. ನನ್ನ ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ಅಷ್ಟು ಕಷ್ಟದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ವಿಚಾರಿಸಿ ತಿಳಿಸುತ್ತೇನೆ ಎಂದು ಅವರನ್ನು ಕಳಿಸಿ, ಪುಸ್ತಕ ಇಟ್ಟುಕೊಂಡೆ.

ಮಾರನೆಯ ದಿನ ಹೊಳೆನರಸೀಪುರದ ಬಸ್ಸು ಹತ್ತಿದೆ. ಸುದ್ದಿ ಅತ್ತೆಗೆ ಬೇರೆಯವರಿಂದ ಮುಟ್ಟಿದರೆ ನನ್ನ ಮಾನ ಹೋದ ಹಾಗೇ. ದಾರಿಯುದ್ದಕ್ಕೂ ಒಂದು ಸುಳ್ಳು ಹೊಸೆದೆ: ಯಾರದೋ ಮನೆಯಲ್ಲಿ ಪುಸ್ತಕ ಅದಲುಬದಲಾಗಿದೆ, ಹೋಟೆಲಿನದು ಕಳೆದುಹೋಗಿ ಹಡಗಿನದು ಬಂದು ಸೇರಿಕೊಂಡಿದೆ. ಸುಳ್ಳು ಚೆನ್ನಾಗಿಯೇ ಇತ್ತು. ಹೋದವನೇ ಪುಸ್ತಕವನ್ನು ಬಿಚ್ಚಿ ಅತ್ತೆಯ ಕೈಗೆ ಕೊಟ್ಟು, "ಇದು ಆ ಪುಸ್ತಕ ಅಲ್ಲ ಅತ್ತೆ, ಬೇಕಾದರೆ ನೀವೇ ನೋಡಿ" ಅಂದೆ.

ಅತ್ತೆ ಪುಸ್ತಕ ಹಿಡಿದುಕೊಂಡರು. ಪುಟ ತಿರುಗಿಸಿದರು. "ಊಂ, ಔದು" ಅಂದರು. ಪುಸ್ತಕ ತಲೆಕೆಳಗಾಗಿತ್ತು.

ನಾನು ಕೈ ಚಾಚಿ ಅದನ್ನು ಮೆಲ್ಲಗೆ ತಿರುಗಿಸಿ ಹಿಡಿಸಿದೆ. ನನಗೆ ಗೊತ್ತಾಯಿತೆಂದು ಅವರಿಗೆ ತಿಳಿಯಿತು.

"ಎಲ್ಡ್ ವರ್ಸ ಆಯ್ತು ಕಣೋ" ಅಂದರು, ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡು. "ಅಂಚಲ್ಲಿ ಕಾಣ್ತದೆ, ನಡು ಮಧ್ಯದಲ್ಲಿ ಕಾಣಾಕಿಲ್ಲ. ಈಗ ನಿನ್ನ ಕಿವಿ ಕಾಣ್ತಾ ಅದೆ, ಮುಖ ಇಲ್ಲ. ಕನ್ನಡಕದಲ್ಲಿ ಸರಿಯೋಗೋದಲ್ಲ ಅಂದ್ಬುಟ್ರು ಆಸ್ಪತ್ರೇಲಿ. ಮನೇವ್ರಿಗೆ ಮಾತ್ರ ಗೊತ್ತು."

"ನಮಗ್ಯಾಕೆ ಹೇಳಲಿಲ್ಲ ಅತ್ತೆ?"

"ಏಳಿದ್ರೆ ಹಣ್ಣು ತಕಂಡು ನೋಡಾಕ್ ಬತ್ತೀರ. ಪುಸ್ತಕ ತಕಂಡು ಯಾರೂ ಬರಾಕಿಲ್ಲ. ನೀವು ಬಂದು ಏನೇನಿತ್ತು ಅಂತ ಏಳ್ತಿದ್ರಲ್ಲ, ಅದೇ ಕಣಪ್ಪ ನಾನು ಓದ್ತಿದ್ದದ್ದು."

ಬಸ್ಸಿನಲ್ಲಿ ಹೊಸೆದ ಸುಳ್ಳನ್ನು ಅಲ್ಲಿಗೇ ಬಿಟ್ಟೆ. ಪರೀಕ್ಷೆ ಎಂದು ನಾವು ಹೆದರಿ ಏನೇನೋ ಒದರಿದ್ದೆವು. ಅವರು ಹಸಿದು ಕೇಳುತ್ತಿದ್ದರು. ಕಣ್ಣಿಲ್ಲದವರಿಗೆ ನಾನು ಖಾಲಿ ತಟ್ಟೆ ಇಟ್ಟು ಬಡಿಸಿದ ಹಾಗೆ ನಟಿಸಿದ್ದೆ. ಇಷ್ಟು ವರ್ಷ ವೇದಿಕೆಗಳಲ್ಲಿ ಹೇಳಿದ ಸುಳ್ಳುಗಳಿಗೆ ಒಂದು ದಿನವೂ ಆಗದ ನಾಚಿಕೆ ಆ ಒಂದು ನಿಮಿಷದಲ್ಲಿ ಆಯಿತು. ಎಲ್ಲವನ್ನೂ ಒಪ್ಪಿಕೊಂಡೆ. ಹೋಟೆಲಿಲ್ಲ, ಅಣ್ಣ ಇಲ್ಲ, ಮಿಲಿಟರಿ ಗಂಡ ಇಲ್ಲ, ಬರೀ ಇಡ್ಲಿ ಇತ್ತು ಅತ್ತೆ ಅಂದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ವಾಸಿಯಿತ್ತು. ಅತ್ತೆ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅವ್ಳು ಇಲ್ವೇ ಇಲ್ವಾ?" ಎಂದು ಒಮ್ಮೆ ಕೇಳಿದರು. ಇಲ್ಲ ಅಂದೆ. "ಓಗ್ಲಿ ಬುಡು. ಹಡಗಿಂದೇನು, ಏಳು" ಅಂದರು.

ಹೇಳಲು ನನಗೇನು ಗೊತ್ತಿತ್ತು? ಪುಸ್ತಕ ತೆಗೆದುಕೊಂಡು ಮೊದಲನೆಯ ಪುಟದಿಂದ ಓದಲು ಶುರುಮಾಡಿದೆ. ಸಮುದ್ರಯಾನ ಹೊರಟ ಒಬ್ಬನ ಅನುಭವಗಳು. ಮೊದಮೊದಲು ತರಗತಿಯ ಧಾಟಿ ಬಂತು. "ಪಾಠ ಮಾಡಬ್ಯಾಡ, ಓದು" ಅಂದರು ಅತ್ತೆ. ಊಟವಾಯಿತು, ಮತ್ತೆ ಓದಿದೆ. ಕೊನೆಯ ಬಸ್ಸಿನ ಹೊತ್ತು ಮೀರಿತು, ಮೊಬೈಲು ಎಲ್ಲಿಟ್ಟೆ ಎಂಬುದೂ ಮರೆಯಿತು. (ಇದನ್ನೆಲ್ಲ ಬರೆಯಲು ಅತ್ತೆಯೇ ಅಪ್ಪಣೆ ಕೊಟ್ಟಿದ್ದಾರೆ, ಹೆಸರು ಹಾಕಕೂಡದೆಂಬ ಷರತ್ತಿನ ಮೇಲೆ. ಈಗ ಭಾನುವಾರಗಳಲ್ಲಿ ನನ್ನ ಜೊತೆ ಸಾಲಗಾಮೆಯ ದಂಪತಿಯೂ ಬರುತ್ತಾರೆ. ಡ್ರಿಲ್ ಮೇಷ್ಟ್ರು ಮಾನ ಉಳಿಸಿಕೊಳ್ಳಲು ಕವಿತೆ ಓದುತ್ತಾರೆ.)

ಆ ಮೊದಲ ದಿನದ ಓದಿನಲ್ಲಿ ಒಂದು ಜಾಗ ಬಂತು. ಹಡಗು ಹೊರಟಿದೆ. ದಡದಲ್ಲಿ ನಿಂತ ತಾಯಿಗೆ ಮಗ ಯಾವ ಕಡೆ ನಿಂತಿದ್ದಾನೆಂದು ತಿಳಿಯುತ್ತಿಲ್ಲ. ಆದರೂ ಅವಳು ಇಡೀ ಹಡಗಿಗೆ ಕೈಬೀಸುತ್ತಿದ್ದಾಳೆ. ಅಲ್ಲಿ ನನ್ನ ದನಿ ನಿಂತುಹೋಯಿತು.

"ಯಾಕ್ಲಾ, ನಿಲ್ಲಿಸ್ಬುಟ್ಟೆ?"

"ಏನಿಲ್ಲ ಅತ್ತೆ, ಅಕ್ಷರ ಸ್ವಲ್ಪ ಮಂಜಾಯಿತು."

ಅತ್ತೆ ಕೈ ಚಾಚಿ ತಡಕಿ ನನ್ನ ಕೆನ್ನೆ ಒರೆಸಿದರು. "ನಿಧಾನಕ್ಕೆ ಓದು ಮಗ. ಇಬ್ರಲ್ಲಿ ಒಬ್ರಿಗಾದ್ರೂ ಕಾಣ್ತದಲ್ಲ, ಸಾಕು" ಅಂದರು.