ದೊಡ್ಡಮ್ಮನ ತೂಕಕ್ಕೊಂದು ಗಾಡಿ

“ಗಾಡಿ ಆರಿಸೋ ಕೆಲಸ ನನಗೆ ಬಿಡು. ತೂಕದ ವಿಷಯದಲ್ಲಿ ನನ್ನನ್ನ ಮೀರಿಸೋರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ!”

ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ತಟ್ಟೆ ಒರೆಸುತ್ತಿದ್ದಳು. ತಿರುಗಿ ಕೂಡ ನೋಡಲಿಲ್ಲ.

“ಹುಟ್ಟಿರಬಹುದು ರೀ, ನಿಮಗೆ ಗೊತ್ತಾಗಿರಲ್ಲ,” ಎಂದಳು.

ನನ್ನ ಜಂಬಕ್ಕೆ ಆಧಾರವಿತ್ತು. ಕಲ್ಲುಕ್ವಾರಿಯ ಗೇಟಿನಲ್ಲಿರುವ ವೇಬ್ರಿಡ್ಜಿನಲ್ಲಿ ಇಪ್ಪತ್ತೊಂದು ವರ್ಷದಿಂದ ಲಾರಿ ತೂಗುತ್ತಿರುವವನು ನಾನು. ಲಾರಿ ಬಂದು ನಿಂತರೆ ಸಾಕು, ಪರದೆಯ ಮೇಲೆ ಅಂಕಿ ಮೂಡುವ ಮೊದಲೇ ಟೈರು ಕುಸಿದದ್ದನ್ನು ನೋಡಿ ತೂಕ ಹೇಳಿಬಿಡುತ್ತೇನೆ. ಆಮೇಲೆ ಚೀಟಿ ಹರಿದು ಕೊಡುತ್ತೇನೆ. ನನ್ನ ಚೀಟಿಯನ್ನು ಪ್ರಶ್ನಿಸುವ ಧೈರ್ಯ ಹದಿನಾಲ್ಕು ಚಕ್ರದ ಲಾರಿಯ ಡ್ರೈವರಿಗೂ ಇಲ್ಲ! ಮನೆಯ ವಿಚಾರ ಬೇರೆ.

ಗಾಡಿ ಬೇಕಾಗಿದ್ದು ದೊಡ್ಡಮ್ಮನಿಗಾಗಿ. ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ ಅಲ್ಲ, ಹೆಂಡತಿಯ ಕುದುರೆ. ನನ್ನ ಹೆಂಡತಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುತ್ತಾಳೆ. ಅಷ್ಟು ಅಗಲದ ಬೆನ್ನಿನ ಹೆಣ್ಣು ಕುದುರೆಯ ಮೇಲೆ ಕೂತರೆ ಎಂಥ ಅಂಜುಬುರುಕ ಮಗುವೂ ಅಳು ನಿಲ್ಲಿಸುತ್ತದೆ. ಹೀಗಾಗಿ ಮಕ್ಕಳೇ ಇಟ್ಟ ಹೆಸರು ಅದು.

ಈಗ ದೊಡ್ಡಮ್ಮನ ಬಲಗಣ್ಣಿಗೆ ಪೊರೆ ಬಂದಿತ್ತು. ಬೆಟ್ಟದ ಆಚೆಗಿನ ಕುದುರೆ ಆಸ್ಪತ್ರೆಗೆ ಕಣ್ಣಿನ ಡಾಕ್ಟರು ಬರುವುದು ಮೂರು ತಿಂಗಳಿಗೊಮ್ಮೆ. “ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕು. ಈ ಸಲ ತಪ್ಪಿದ್ರೆ ಆ ಕಣ್ಣು ಹೋದ ಹಾಗೇ,” ಎಂದಿದ್ದಳು ಹೆಂಡತಿ. ಕುದುರೆ ಸಾಗಿಸುವ ಟ್ರೇಲರ್ ನಮ್ಮಲ್ಲಿತ್ತು. ಅದನ್ನು ಎಳೆಯುತ್ತಿದ್ದ ಹಳೆಯ ಜೀಪು ಮಾತ್ರ ಹೋದ ತಿಂಗಳು ಅಂಗಳದಲ್ಲೇ ಕೊನೆಯುಸಿರೆಳೆದಿತ್ತು. ಕಡಿಮೆ ಬೆಲೆಗೆ ಯಾವುದಾದರೂ ಹಳೆಯ ಗಾಡಿ ಕೊಳ್ಳಲೇಬೇಕಿತ್ತು.

ಇಲ್ಲೊಂದು ನಿಜ ಹೇಳಿಬಿಡುತ್ತೇನೆ. ಹನ್ನೆರಡು ವರ್ಷದಲ್ಲಿ ಆ ಕುದುರೆಗೆ ನಾನು ಮಾಡಿದ ಸೇವೆಯೆಂದರೆ ಮನೆಯೆಲ್ಲ ಹುಲ್ಲು ಎಂದು ಗೊಣಗಿದ್ದು. ಆದರೆ ಅದಕ್ಕೆ ಪೊರೆ ಬಂದ ಮೇಲೆ ಹೆಂಡತಿ ದಿನಾ ಬೆಳಿಗ್ಗೆ ಅದರ ಮುಖಕ್ಕೆ ಮುಖ ತಾಗಿಸಿ ನಿಲ್ಲುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಏನಾದರೂ ಮಾಡಬೇಕು ಎನಿಸಿತ್ತು. ನನಗೆ ಬರುವುದು ತೂಗುವುದೊಂದೇ. ಅದನ್ನೇ ಮಾಡೋಣ ಎಂದು ಹೊರಟೆ.

ಮೊದಲ ಹೆಜ್ಜೆಯಾಗಿ ದೊಡ್ಡಮ್ಮನನ್ನು ಕ್ವಾರಿಗೆ ನಡೆಸಿಕೊಂಡು ಹೋಗಿ, ಎರಡು ಲಾರಿಗಳ ನಡುವೆ ಸಾಲಿನಲ್ಲಿ ನಿಲ್ಲಿಸಿ, ವೇಬ್ರಿಡ್ಜಿನ ಮೇಲೆ ಹತ್ತಿಸಿದೆ.

“ಇದು ಖಾಲಿ ಗಾಡಿನಾ, ಲೋಡ್ ಗಾಡಿನಾ?” ಎಂದು ಹಿಂದಿನ ಲಾರಿಯವನು ಕೂಗಿದ.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಏಳುನೂರು ಕೆಜಿ, ಬಾಲ ಸಮೇತ! ಚೀಟಿ ಮುದ್ರಿಸಿ, ವಾಹನದ ಸಂಖ್ಯೆ ಬರೆಯುವ ಕಡೆ ‘ದೊಡ್ಡಮ್ಮ’ ಎಂದು ಬರೆದು ಜೇಬಿಗಿಟ್ಟೆ. ಮರುದಿನ ಟ್ರೇಲರನ್ನೂ ತೂಗಿಸಿದೆ. ಒಂಬೈನೂರು. ಒಟ್ಟು ಸಾವಿರದ ಆರುನೂರು. ಇಷ್ಟು ಶಾಸ್ತ್ರೋಕ್ತವಾಗಿ ಗಾಡಿ ಹುಡುಕಲು ಹೊರಟ ಗಂಡಸು ಇನ್ನೊಬ್ಬನಿದ್ದರೆ ತೋರಿಸಿ!

ಹಳೇ ಗಾಡಿ ವ್ಯಾಪಾರಿಯ ಅಂಗಳದಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಒಂದರ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು, ಅಂದರೆ ಒಳಗಿರುವವರು ಮಾತ್ರ ಒಳಗೆ ಹೋಗಬಹುದಿತ್ತು. ಇನ್ನೊಂದರಲ್ಲಿ ಹಾರ್ನ್ ಒತ್ತಿದರೆ ವೈಪರ್ ಆಡುತ್ತಿತ್ತು. ಮೂಲೆಯಲ್ಲಿ ಕಂದು ಬಣ್ಣದ ಒಂದು ಮುದಿ ಪಿಕಪ್ ನಿಂತಿತ್ತು. ಮೂತಿ ತಗ್ಗಿದೆ, ಸೀಟು ಹರಿದಿದೆ, ರೇಡಿಯೋ ಇರಬೇಕಾದಲ್ಲಿ ತೂತು. ನನ್ನ ಹೆಂಡತಿ ನೆಟ್ಟಗೆ ಅದರ ಹತ್ತಿರ ಹೋಗಿ, ಬಗ್ಗಿ ಹಿಂಬದಿಯ ಕೊಕ್ಕೆ ಅಲುಗಾಡಿಸಿ ನೋಡಿ, “ಇದು ಚೆನ್ನಾಗಿ ನಿಲ್ಲತ್ತಾ?” ಎಂದು ಕೇಳಿದಳು.

ನನಗೆ ನಗು ಬಂತು. “ನಿಲ್ಲೋದೇನು, ನಿಂತೇ ಇದೆಯಲ್ಲ! ಕೇಳಬೇಕಾದ್ದು ಎಷ್ಟು ಎಳೆಯತ್ತೆ ಅಂತ ಕಣೇ!”

ವ್ಯಾಪಾರಿ ಇಬ್ಬರನ್ನೂ ನೋಡಿ ಗಡ್ಡ ಕೆರೆದುಕೊಂಡ. “ಅಕ್ಕ ಕೇಳಿದ್ದೂ ಕೇಳಬೇಕಾದ್ದೇ ಸಾರ್,” ಎಂದ.

ಆದರೆ ನನ್ನ ಕಣ್ಣು ಆಗಲೇ ಇನ್ನೊಂದರ ಮೇಲೆ ಬಿದ್ದಿತ್ತು. ನೀಲಿ ಕಾರು. ಸ್ನಾನ ಮಾಡಿ ತಲೆ ಬಾಚಿಕೊಂಡು ನಿಂತ ಹಾಗಿತ್ತು. ಕೀಲಿ ತಿರುಗಿಸಿದರೆ ಎಂಜಿನ್ ಗುಡುಗಿತು. ಬೆಲೆಯೂ ಕಂದು ಪಿಕಪ್ಪಿಗಿಂತ ಕಡಿಮೆ! ವ್ಯಾಪಾರಿ ಎಂಜಿನ್ನಿನ ಶಕ್ತಿಯ ಅಂಕಿ ಹೇಳಿದ. ಅಂಕಿ ಕೇಳಿದರೆ ನಾನು ಕರಗಿಹೋಗುತ್ತೇನೆ.

“ರೀ, ಇದು ಹಗುರ ಅನ್ನಿಸಲ್ವಾ?” ಎಂದಳು ಹೆಂಡತಿ.

“ಹಗುರ ಆದ್ರೆ ಒಳ್ಳೇದೇ ಅಲ್ವಾ! ತನ್ನ ಭಾರ ಹೊರೋ ಕಷ್ಟ ಇಲ್ಲ, ಶಕ್ತಿಯೆಲ್ಲ ದೊಡ್ಡಮ್ಮನಿಗೇ ಉಳಿಯತ್ತೆ!”

ಈ ಮಾತು ಆಗ ನನಗೆ ಎಷ್ಟು ಚೆಂದ ಕೇಳಿಸಿತೆಂದರೆ, ಇನ್ನೊಮ್ಮೆ ಹೇಳಿದೆ. ಹೆಂಡತಿ “ಸರಿ,” ಎಂದಳು. ನಾನು ಕೀಲಿ ತೆಗೆದುಕೊಂಡು ಹೊರಗೆ ಬಂದ ಮೇಲೂ ಅವಳು ವ್ಯಾಪಾರಿಯ ಜೊತೆ ಏನೋ ಮಾತಾಡುತ್ತ ನಿಂತಿದ್ದಳು.

ಶನಿವಾರ ಪರೀಕ್ಷೆ. ಐವತ್ತು ಕೆಜಿಯ ಹದಿನಾಲ್ಕು ಮರಳಿನ ಮೂಟೆ ತಂದು, ಒಂದೊಂದನ್ನೂ ತೂಗಿ, ಟ್ರೇಲರಿನ ನೆಲದ ಮೇಲೆ ಸಾಲಾಗಿ ಮಲಗಿಸಿದೆ. ಸರಿಯಾಗಿ ಒಂದು ದೊಡ್ಡಮ್ಮ! ಕ್ವಾರಿಯ ರಸ್ತೆಯಲ್ಲಿ ಏರಿದೆ, ಇಳಿದೆ, ತಿರುಗಿದೆ. ನೀಲಿ ಕಾರು ಒಂದು ಬಾರಿಯೂ ಮುನಿಸಿಕೊಳ್ಳಲಿಲ್ಲ. ಮನೆಗೆ ಬಂದು ಗೆದ್ದ ಸೇನಾಪತಿಯ ಗತ್ತಿನಲ್ಲಿ ಕೀಲಿಯನ್ನು ಮೇಜಿನ ಮೇಲೆ ಎಸೆದೆ. “ನೋಡೋಣ,” ಎಂದಳು ಹೆಂಡತಿ. ಅವಳ ಮುಖದಲ್ಲಿ ಅರ್ಧ ನಂಬಿಕೆ ಕಂಡಿತು. ನನಗೆ ಅರ್ಧವೇ ಹಬ್ಬವಾಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಹೆಂಡತಿ. ಮೊದಲ ಎರಡು ಮೈಲಿ ಸುಖವಾಗಿ ಸಾಗಿತು. ಆಮೇಲೆ ಎದುರಿನಿಂದ ಒಂದು ಬಸ್ಸು ಬಂತು.

ಮರಳಿನ ಮೂಟೆಗೆ ಕಣ್ಣಿಲ್ಲ. ದೊಡ್ಡಮ್ಮನಿಗೆ ಒಂದೂವರೆ ಇತ್ತು. ಎದುರು ಬರುವ ಗಾಡಿಗಳು ಹಾದುಹೋಗುತ್ತಿದ್ದದ್ದು ಬಲಕ್ಕೆ, ಅವಳ ಮಂಜು ಕವಿದ ಕಣ್ಣಿನ ಕಡೆ. ಸದ್ದು ಕೇಳಿಸುತ್ತದೆ, ಏನೆಂದು ಕಾಣಿಸುವುದಿಲ್ಲ. ಪಾಪ, ಒಳ್ಳೆಯ ಕಣ್ಣಿನಿಂದ ನೋಡಲು ಅವಳು ಇಡೀ ಮೈ ತಿರುಗಿಸಲು ಹೊರಟಳು. ಏಳುನೂರು ಕೆಜಿ ಒಮ್ಮೆಗೇ ಒಂದು ಬದಿಗೆ ಸರಿಯಿತು! ಟ್ರೇಲರ್ ತೂಗಾಡಿತು. ಟ್ರೇಲರ್ ತೂಗಾಡಿದ್ದಕ್ಕೆ ಕಾರಿನ ಹಿಂಭಾಗ ತೂಗಾಡಿತು. ಕಾರು ಕುದುರೆಯನ್ನು ಎಳೆಯುತ್ತಿದೆಯೋ ಕುದುರೆ ಕಾರನ್ನು ಆಡಿಸುತ್ತಿದೆಯೋ ತಿಳಿಯದಾಯಿತು. ಅಷ್ಟರಲ್ಲಿ ಇಳಿಜಾರು ಬಂತು, ಹಿಂದಿನ ಭಾರವೆಲ್ಲ ನಮ್ಮನ್ನು ಮುಂದಕ್ಕೆ ನೂಕತೊಡಗಿತು.

“ನಿಲ್ತಾ ಇಲ್ಲ ಕಣೇ!”

“ಸ್ಟೀರಿಂಗ್ ಎಳೆದಾಡಬೇಡಿ! ಬ್ರೇಕ್ ಒಂದೇ ಸಲ ಒತ್ತಬೇಡಿ! ಕಾಲು ತೆಗೀರಿ, ತಾನಾಗೇ ನಿಧಾನ ಆಗಲಿ!”

ಅವಳು ಹೇಳಿದ ಹಾಗೆ ಮಾಡಿದೆ. ಇಳಿಜಾರಿನ ಕೊನೆಯಲ್ಲಿ, ರಸ್ತೆಯಂಚಿನ ಮೆತ್ತನೆಯ ಮಣ್ಣಿನಲ್ಲಿ ಕಾರಿನ ಎರಡು ಚಕ್ರ ಹೂತು ಎಲ್ಲ ನಿಂತಿತು. ಟ್ರೇಲರ್ ರಸ್ತೆಯ ಮೇಲೆ ನೆಟ್ಟಗೇ ಇತ್ತು. ಹೆಂಡತಿ ಓಡಿಹೋಗಿ ದೊಡ್ಡಮ್ಮನನ್ನು ಇಳಿಸಿದಳು. ಒಂದು ಗೀರೂ ಆಗಿರಲಿಲ್ಲ. ಆದರೆ ಆ ದೊಡ್ಡ ಮೈ ನಡುಗುತ್ತಿತ್ತು. ಅವಳ ಗೊರಸನ್ನೂ ಬಿಡದೆ ತೂಗಿದ್ದ ನಾನು ಅವಳಿಗೂ ಹೆದರಿಕೆ ಇರುತ್ತದೆಂದು ಒಂದು ಕ್ಷಣವೂ ಯೋಚಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ನಿಜವಾಗಿ ನಾಚಿಕೆಯಾಯಿತು.

ಹೆಂಡತಿ ಕುದುರೆಯ ಕುತ್ತಿಗೆ ಸವರುತ್ತ ಮೆಲ್ಲಗೆ ಕೇಳಿದಳು: “ರೀ, ಆ ನೀಲಿ ಕಾರು ಎಷ್ಟು ಕೆಜಿ?”

ಖಾಲಿ ಗಾಡಿಯನ್ನು ಮೊದಲು ತೂಗದೆ ಯಾವ ಲಾರಿಯನ್ನೂ ಒಳಗೆ ಬಿಡದವನು ನಾನು. ಕುದುರೆ ತೂಗಿದ್ದೆ, ಟ್ರೇಲರ್ ತೂಗಿದ್ದೆ, ಮೂಟೆ ತೂಗಿದ್ದೆ. ಕಾರನ್ನು ತೂಗಿರಲಿಲ್ಲ!

ಗಂಟೆ ಒಂಬತ್ತೂವರೆಯಾಯಿತು. ನಾನು ರಸ್ತೆಯಂಚಿನ ಕಲ್ಲಿನ ಮೇಲೆ ತಲೆ ಹಿಡಿದು ಕೂತೆ. “ಹತ್ತಕ್ಕೆ ಅಲ್ಲಿರಬೇಕಿತ್ತು. ನನ್ನಿಂದ ಅವಳ ಕಣ್ಣು ಹೋಯ್ತು ಕಣೇ,” ಎಂದೆ.

ಆಗ ದೂರದಲ್ಲಿ ಏದುಸಿರು ಬಿಡುತ್ತ ಕಂದು ಪಿಕಪ್ ಬಂತು. ಹೆಂಡತಿ ಫೋನ್ ಮಾಡಿ ಕರೆಸಿದ್ದಳು. ಇಳಿದ ವ್ಯಾಪಾರಿ ನೀಲಿ ಕಾರಿಗೆ ಹಗ್ಗ ಕಟ್ಟುತ್ತ ಹೇಳಿದ: “ಸಾರ್, ಹಿಂದಿರೋದು ಮುಂದಿರೋದಕ್ಕಿಂತ ಭಾರ ಆಗಬಾರದು. ಅಕ್ಕ ಆವತ್ತೇ ಹೇಳಿದ್ರು, ಈ ಪಿಕಪ್ ಒಂದು ವಾರದ ತನಕ ಯಾರಿಗೂ ಕೊಡಬೇಡಿ, ಬದಲಾಯಿಸ್ಕೊಂಡು ಹೋಗಬೇಕಾಗಬಹುದು ಅಂತ.”

“ಈಗ ಬದಲಾಯಿಸಿ ಏನು ಬಂತು?” ಎಂದೆ ನಾನು. “ಭಾನುವಾರ ಮುಗಿದೇ ಹೋಯ್ತಲ್ಲ!”

“ಡಾಕ್ಟರು ಬರೋದು ಸೋಮವಾರ,” ಎಂದಳು ಹೆಂಡತಿ.

“ಸೋಮವಾರಾನಾ?” ಎನ್ನುತ್ತ ನಾನು ಕಲ್ಲಿನಿಂದ ಎದ್ದೆ.

“ಆಸ್ಪತ್ರೆ ಚೀಟಿ ಮೂರು ವಾರದಿಂದ ಫ್ರಿಜ್ ಬಾಗಿಲ ಮೇಲೇ ಇದೆ ರೀ. ಊರಿಗೆಲ್ಲ ಚೀಟಿ ಕೊಡ್ತೀರಿ, ಮನೇದು ಒಂದು ಓದಲಿಲ್ಲ. ನೀವು ಅಷ್ಟು ಆಸೆಯಿಂದ ಹೊರಟಿದ್ರಿ, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ. ಮರಳಿನ ಮೂಟೆ ನೋಡಿ ನಾನೂ ಅರ್ಧ ನಂಬಿದೆ, ಅದು ನನ್ನ ತಪ್ಪು. ಉಳಿದ ಅರ್ಧಕ್ಕೆ, ಎಡವಟ್ಟಾದ್ರೆ ಇರಲಿ ಅಂತ ನಾನು ಮೊದಲೇ ಸೋಮವಾರದ ಬದಲು ಭಾನುವಾರ ಅಂದಿದ್ದು ಇತ್ತಲ್ಲ.”

ಇಪ್ಪತ್ತೊಂದು ವರ್ಷ ನಾನು ಲಾರಿಗಳನ್ನು ತೂಗಿದೆ. ಅಷ್ಟೂ ವರ್ಷ ನನ್ನನ್ನು ಒಬ್ಬಳು ಗ್ರಾಂ ತಪ್ಪದೆ ತೂಗುತ್ತಿದ್ದಳು.

ಮರುದಿನ ದೊಡ್ಡಮ್ಮನ ಕಣ್ಣು ಉಳಿಯಿತು, ಆ ಸಮಾಧಾನ ನಿಮಗೂ ಇರಲಿ. ಆದರೆ ಆ ಬೆಳಿಗ್ಗೆ ಹೊರಡುವಾಗ ನಡೆದದ್ದನ್ನು ಹೇಳದಿದ್ದರೆ ಈ ತಪ್ಪೊಪ್ಪಿಗೆ ಪೂರ್ತಿಯಾಗುವುದಿಲ್ಲ. ಕಂದು ಪಿಕಪ್ಪಿನ ಸ್ಟೀರಿಂಗ್ ಹಿಂದೆ ಹೆಂಡತಿ ಕೂತಿದ್ದಳು. ನಾನು ಪಕ್ಕದ ಹರಿದ ಸೀಟು ಹತ್ತಿ, “ದಾರೀಲಿ ನಾನೇನು ಮಾಡಲಿ ಹೇಳು, ಏನು ಬೇಕಾದ್ರೂ ಮಾಡ್ತೀನಿ,” ಎಂದೆ.

ಅವಳು ಕನ್ನಡಿ ಸರಿಮಾಡಿಕೊಂಡು, ಹಿಂದೆ ದೊಡ್ಡಮ್ಮ ನೆಮ್ಮದಿಯಾಗಿ ನಿಂತಿದ್ದಾಳೆಂದು ಖಚಿತಪಡಿಸಿಕೊಂಡು, ಗೇರ್ ಹಾಕುತ್ತ ಹೇಳಿದಳು:

“ಏನೂ ಬೇಡ ರೀ. ಮರಳಿನ ಮೂಟೆ ಥರ ಕೂತಿರಿ, ಸಾಕು.”