ಐದು ಹಲ್ಲಿಗಳ ಆರೈಕೆ ಮತ್ತು ವಾಪಸಾತಿ ಕುರಿತು

ಕಾರ್ಯಾಲಯ: ಸಂಬಂಧಪಟ್ಟ ಇಲಾಖೆ, ಬೋಳಾರ, ಮಂಗಳೂರು
ಸಂಖ್ಯೆ: ಸಂಇ/ಬೋ/ಹಲ್ಲಿ-೫/ತಿದ್ದುಪಡಿ-೨/೨೦೨೪-೨೫
ದಿನಾಂಕ: ೦೯-೧೦-೨೦೨೪

ಸುತ್ತೋಲೆ

ವಿಷಯ: ಅತ್ತಾವರದ ಪೆಟ್ ಅಂಗಡಿಯೊಂದರಿಂದ ಈ ಕಚೇರಿಯ ಸುಪರ್ದಿಗೆ ಬಂದಿರುವ, ಆರೋಗ್ಯ ಕೆಟ್ಟ ಐದು ಹಲ್ಲಿಗಳ ಊಟ, ನಿದ್ದೆ, ತೂಕ ಮತ್ತು ವಾಪಸಾತಿಯ ಬಗ್ಗೆ.

ಉಲ್ಲೇಖ:
(ಅ) ಜಿರಳೆ ನಿರ್ಮೂಲನೆ ಕುರಿತ ಈ ಕಚೇರಿಯ ಹಿಂದಿನ ಸುತ್ತೋಲೆ.
(ಆ) ಗುಣವಾದ ಕೂಡಲೇ ಹಲ್ಲಿಗಳನ್ನು ಅಂಗಡಿಗೆ ಮರಳಿಸತಕ್ಕದ್ದೆಂಬ ಈ ಕಚೇರಿಯ ಆದೇಶ.
(ಇ) ಪ್ರಥಮ ದರ್ಜೆ ಸಹಾಯಕಿ ಶ್ರೀಮತಿ ಫರ್ಝಾನಾ ಅವರ ಮೌಖಿಕ ಹೇಳಿಕೆ.
(ಈ) ಸದರಿ ಹೇಳಿಕೆಗೆ ಟ್ಯೂಬ್‌ಲೈಟಿನ ಹಿಂದಿನ ಗೋಡೆ ಹಲ್ಲಿ ನೀಡಿರುವ ದೃಢೀಕರಣ.

ಪ್ರಸ್ತಾವನೆ

ಈ ಕಚೇರಿಯ ಅಧೀಕ್ಷಕರಾದ ಶ್ರೀ ಪೃಥ್ವಿರಾಜ್ ಅವರಿಗೆ (ಅಂದರೆ ಕೆಳಗೆ ಸಹಿ ಹಾಕಿರುವವರಿಗೇ) ಹಲ್ಲಿ ಎಂದರೆ ಆಗುವುದಿಲ್ಲವೆಂಬುದು ಸಿಬ್ಬಂದಿಗೆಲ್ಲ ತಿಳಿದ ವಿಷಯ. ಆದಾಗ್ಯೂ ಸಾರ್ವಜನಿಕರೊಬ್ಬರ ದೂರಿನ ಮೇರೆಗೆ, ತುಳುವರ ಸೋಣ ತಿಂಗಳಿನಲ್ಲಿ, ಅತ್ತಾವರದ ಶ್ರೀ ಚಿತ್ತರಂಜನ ಅವರ ಪೆಟ್ ಅಂಗಡಿಯನ್ನು ಪರಿಶೀಲಿಸುವ ಪ್ರಸಂಗ ಅವರಿಗೆ ಒದಗಿಬಂತು. ಸದರಿ ಅಂಗಡಿಯ ಹಿಂಬದಿಯ ಗಾಜಿನ ಪೆಟ್ಟಿಗೆಯಲ್ಲಿ ಹಳದಿ ಮೈಯ, ಕಪ್ಪು ಚುಕ್ಕೆಯ, ಗೋಡೆ ಹತ್ತಲು ಬಾರದ ಆದರೆ ಕಣ್ಣು ಮಿಟುಕಿಸಲು ಬರುವ ಐದು ಸಾಕು ಹಲ್ಲಿಗಳು ಮರಳಿನ ಮೇಲೆ ಮಲಗಿದ್ದವು. ಕೊಬ್ಬು ತುಂಬಿ ದಪ್ಪಗಿರಬೇಕಾದ ಬಾಲಗಳು ನೂಲಿನಂತಾಗಿದ್ದವು. ಬೆರಳುಗಳ ಮೇಲೆ ಕಳಚದ ಪೊರೆ ಒಣಗಿ ಅಂಟಿತ್ತು. ಎಲ್ಲಕ್ಕಿಂತ ಸಣ್ಣದರ ಎಡಗಣ್ಣು ಪೊರೆಯ ಅಡಿಯಲ್ಲಿ ಪೂರ್ತಿ ಮುಚ್ಚಿಹೋಗಿತ್ತು.

ಮಾಲೀಕರು ದುಷ್ಟರಲ್ಲ ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ. ಅವರ ಮನೆಯಲ್ಲಿ ಸೋಣ ತಿಂಗಳಿಡೀ ಮೀನು-ಮಾಂಸ ಒಲೆ ಏರುವ ಕ್ರಮವಿಲ್ಲ. ಆ ಕ್ರಮವನ್ನು ಅವರು ಭಕ್ತಿಯಿಂದ ಅಂಗಡಿಗೂ ವಿಸ್ತರಿಸಿ, ಹುಳು ತಿಂದು ಬದುಕುವ ಹಲ್ಲಿಗಳ ಮುಂದೆ ದಿನಾ ಬೆಳಿಗ್ಗೆ ಬಸಳೆ ಸೊಪ್ಪು ಮತ್ತು ಮುಳ್ಳುಸೌತೆ ಹೋಳು ಇಡುತ್ತಿದ್ದರು. ಸೆಕೆಯಾದೀತೆಂದು ಎಸಿ ಹಾಕಿದ್ದರು. "ನಾನು ಎಂತ ಕಡಿಮೆ ಮಾಡಿದ್ದೇನೆ ಸರ್? ಎಸಿ ಉಂಟು, ಬಸಳೆ ಉಂಟು, ದೇವರ ಪಟ ಉಂಟು. ಒಂದು ದಿನವಾದರೂ ಇವು ಬೇಡ ಅಂತ ಹೇಳಿದ್ದುಂಟಾ?" ಎಂದು ಅವರು ಅಧೀಕ್ಷಕರನ್ನು ಕೇಳಿದರು.

ಉತ್ತರ ಕೊಟ್ಟವರು ಪರಿಶೀಲನೆಗೆ ಜೊತೆಯಲ್ಲಿ ಹೋಗಿದ್ದ ಶ್ರೀಮತಿ ಫರ್ಝಾನಾ. ಅವರು ತಮ್ಮ ಬುತ್ತಿ ಡಬ್ಬಿಯ ಬಿರಿಯಾನಿಯನ್ನು ಅಂಗಡಿಯ ಕೌಂಟರಿನ ಮೇಲೆಯೇ ಕಾಗದಕ್ಕೆ ಸುರಿದು, ಡಬ್ಬಿ ತೊಳೆದು, ಒರೆಸಿ, ಐದನ್ನೂ ಎತ್ತಿ ಅದರಲ್ಲಿಟ್ಟರು. ರಿಕ್ಷಾದಲ್ಲಿ ಬರುವಾಗ ಸಣ್ಣದು ಡಬ್ಬಿಯಿಂದ ಜಾರಿ ಅಧೀಕ್ಷಕರ ಬಲತೋಳಿನ ಮೇಲೆ ಬಿತ್ತು. ಅಧೀಕ್ಷಕರು ಬೊಬ್ಬೆ ಹೊಡೆದದ್ದು ನಿಜ. ಹಲ್ಲಿ ಬಿದ್ದ ಫಲವನ್ನು ಪಂಚಾಂಗದಲ್ಲಿ ನೋಡಲಾಗಿ, ಗೋಡೆಯಿಂದ ಬೀಳುವ ಹಲ್ಲಿಗೆ ಮಾತ್ರ ಫಲ ಹೇಳಲಾಗಿದೆ. ಬಿರಿಯಾನಿ ಡಬ್ಬಿಯಿಂದ ಬೀಳುವುದರ ಬಗ್ಗೆ ಯಾವುದೇ ಸ್ಪಷ್ಟನೆ ಇರುವುದಿಲ್ಲ. ಆ ಗಾಬರಿಯಲ್ಲೇ ಅಧೀಕ್ಷಕರು ಉಲ್ಲೇಖ (ಆ)ರ ವಾಪಸಾತಿ ಆದೇಶಕ್ಕೆ ಸಹಿ ಹಾಕಿದರು. ಐದೂ ಹಲ್ಲಿಗಳು ಒಂದೇ ಆದೇಶದಲ್ಲಿರುವುದರಿಂದ, ಐದೂ ಗುಣವಾದ ದಿನ ಐದೂ ಒಟ್ಟಿಗೇ ಅಂಗಡಿಗೆ ಹೋಗತಕ್ಕದ್ದು ಎಂದಾಯಿತು.

ಆ ಸಂಜೆ ಸಣ್ಣ ಹಲ್ಲಿಯನ್ನು ಅಂಗೈಯಲ್ಲಿಟ್ಟುಕೊಂಡು ಶ್ರೀಮತಿ ಫರ್ಝಾನಾ ಅವರು, "ಇದು ಬದುಕ್ತದೆ ಸರ್, ನೀವು ನೋಡಿ" ಎಂದರು. ತಕ್ಷಣ ಟ್ಯೂಬ್‌ಲೈಟಿನ ಹಿಂದಿನ ಗೋಡೆ ಹಲ್ಲಿ ಲೊಚಗುಟ್ಟಿತು. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯ. ಕೇಳಿದವರು ಬೆರಳಿನಿಂದ ಮೇಜು ತಟ್ಟಿ ಒಪ್ಪಬೇಕು. ಈ ಪದ್ಧತಿ ಕಚೇರಿಯಲ್ಲಿ ಬಡ್ತಿ, ವರ್ಗಾವಣೆ, ಮಳೆ ಮುಂತಾದ ಎಲ್ಲ ವಿಷಯಗಳಲ್ಲೂ ಮೊದಲಿನಿಂದ ಜಾರಿಯಲ್ಲಿದೆ. ಎಲ್ಲರೂ ಮೇಜು ತಟ್ಟಿದರು. ಅಧೀಕ್ಷಕರೂ ತಟ್ಟಿದರು. ತಟ್ಟಿದ ಮೇಲೆ ಆ ಹಲ್ಲಿಯನ್ನು ಬದುಕಿಸುವುದು ಇಲಾಖೆಯ ಮರ್ಯಾದೆಯ ಪ್ರಶ್ನೆಯಾಯಿತು. ಆದುದರಿಂದ ಈ ಕೆಳಗಿನಂತೆ ಸೂಚಿಸಲಾಗಿದೆ.

೧. ವಾಸ್ತವ್ಯ: ಈ ಹಲ್ಲಿಗಳಿಗೆ ಹೊಟ್ಟೆಯ ಅಡಿಯಿಂದ ಶಾಖ ಬೇಕೆಂದು ಪಶುವೈದ್ಯೆ ಡಾ. ಸಂಚಿತಾ ಅವರು ತಿಳಿಸಿರುತ್ತಾರೆ. ("ಇವು ಒಣ ನೆಲದವು ಮಾರಾಯ್ರೇ, ಇವಕ್ಕೆ ಎಸಿ ಯಾಕೆ?" ಎಂಬುದು ಅವರ ಅಭಿಪ್ರಾಯದ ಯಥಾಪ್ರತಿ.) ಶಾಖದ ಪ್ಯಾಡ್ ಖರೀದಿಗೆ ಟೆಂಡರ್ ಕರೆದು ಮುಗಿಯುವಷ್ಟರಲ್ಲಿ ಹಲ್ಲಿಗಳು ನಿವೃತ್ತಿ ವಯಸ್ಸು ದಾಟುವ ಸಂಭವವಿರುವುದರಿಂದ, ರೆಕಾರ್ಡ್ ಕೊಠಡಿಯ ಹಳೆಯ ಯುಪಿಎಸ್‌ನ ಮೇಲ್ಭಾಗವನ್ನು ಅವುಗಳಿಗೆ, ಬಿರಿಯಾನಿ ಡಬ್ಬಿ ಸಮೇತ, ಮಂಜೂರು ಮಾಡಲಾಗಿದೆ. ಡಾಕ್ಟರು ಅಲ್ಲಿ ಥರ್ಮಾಮೀಟರ್ ಇಟ್ಟು ನೋಡಿ ತಲೆಯಾಡಿಸಿದ್ದಾರೆ. ಸದರಿ ಸ್ಥಳದಲ್ಲಿ ಇನ್ನು ಮುಂದೆ ಯಾರೂ ಒದ್ದೆ ಕೊಡೆ, ಕರ್ಚೀಫು ಅಥವಾ ಹಪ್ಪಳ ಒಣಗಿಸತಕ್ಕದ್ದಲ್ಲ.

೨. ಹಾಸು: ಮರಳು ಹೊಟ್ಟೆಗೆ ಹೋಗಿ ಕಟ್ಟಿಕೊಳ್ಳುವುದರಿಂದ ಮರಳನ್ನು ನಿಷೇಧಿಸಲಾಗಿದೆ. ಬದಲಿಗೆ ಈ ಕಚೇರಿಯ ಹಳೆಯ ಸುತ್ತೋಲೆಗಳನ್ನು ಹಾಸತಕ್ಕದ್ದು. ಸುತ್ತೋಲೆಗಳು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಇದೇ ಮೊದಲು ಎಂದು ಡಿಸ್ಪ್ಯಾಚ್ ಶಾಖೆಯ ಶ್ರೀ ಇರ್ವಿನ್ ಅವರು ಆಡಿದ ಮಾತಿಗೆ ವಿವರಣೆ ಕೇಳಲಾಗಿದೆ.

೩. ಆಹಾರ:
(ಕ) ಉಲ್ಲೇಖ (ಅ)ರ ಜಿರಳೆ ನಿರ್ಮೂಲನೆ ಸುತ್ತೋಲೆಯನ್ನು ತಡೆಹಿಡಿಯಲಾಗಿದೆ. ಔಷಧ ಸೋಕಿದ ಜಿರಳೆ ತಿಂದರೆ ಹಲ್ಲಿಗೆ ಪ್ರಾಣಾಪಾಯ. ಆದುದರಿಂದ ಕಚೇರಿಯ ಜಿರಳೆಗಳನ್ನು ಹಲ್ಲಿಗಳಿಗೆ ಕೊಡುವಂತಿಲ್ಲ, ಕೊಲ್ಲುವಂತೆಯೂ ಇಲ್ಲ. ಸಿಬ್ಬಂದಿ ಅವುಗಳೊಂದಿಗೆ ಹೊಂದಿಕೊಂಡು ಹೋಗುವುದು.
(ಖ) ಮಿಡತೆಗಳನ್ನು ಸಿಬ್ಬಂದಿ ತಮ್ಮ ತಮ್ಮ ಮನೆಯ ಹಿತ್ತಿಲಿನಿಂದ ತರತಕ್ಕದ್ದು. ಪಕ್ಕದ ಮನೆಯ ಹಿತ್ತಿಲಿಗೆ ನುಗ್ಗುವಾಗ ಇಲಾಖೆಯ ಗುರುತಿನ ಚೀಟಿ ಧರಿಸುವುದು.
(ಗ) ಮಿಡತೆಯನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡುವುದು. ಇದರ ಬದಲಿಗೆ ಶ್ರೀ ಇರ್ವಿನ್ ಅವರು ತಮ್ಮ ಮನೆಯಲ್ಲಿ ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿ ಉಂಡು, ಉಳಿದ ಚಿಪ್ಪುಗಳನ್ನು ಚೀಲದಲ್ಲಿ ತಂದು, "ಇದೂ ಕ್ಯಾಲ್ಸಿಯಮ್ಮೇ ಅಲ್ವಾ ಸರ್" ಎಂದು ಹಾಜರುಪಡಿಸಿದ್ದು, ಡಾಕ್ಟರು ಅದನ್ನು ನಿರಾಕರಿಸಿರುತ್ತಾರೆ. ಚಿಪ್ಪು ಮಾತ್ರ ತಂದು ಸುಕ್ಕ ತಾರದಿದ್ದ ಬಗ್ಗೆ ಸಿಬ್ಬಂದಿಯಲ್ಲಿ ಅಸಮಾಧಾನವಿದೆ.

೪. ತೂಕ: ಹಲ್ಲಿಗಳನ್ನು ವಾರಕ್ಕೊಮ್ಮೆ ಡಿಸ್ಪ್ಯಾಚ್ ಶಾಖೆಯ ಟಪಾಲು ತಕ್ಕಡಿಯಲ್ಲಿ ತೂಗತಕ್ಕದ್ದು. ತೂಗಿದ ಅಭ್ಯಾಸಬಲದಿಂದ ಅಂಚೆ ಚೀಟಿ ಅಂಟಿಸತಕ್ಕದ್ದಲ್ಲ.

೫. ರಜೆ: ಹಲ್ಲಿ ಮೈಮೇಲೆ ಬಿದ್ದವರಿಗೆ ತಲೆಸ್ನಾನಕ್ಕಾಗಿ ಅರ್ಧ ದಿನದ ರಜೆ ನೀಡುವ ಸೌಲಭ್ಯವನ್ನು ಮಾನವೀಯ ನೆಲೆಯಲ್ಲಿ ಜಾರಿಗೊಳಿಸಲಾಗಿತ್ತು. ತದನಂತರ ಲೆಕ್ಕಪತ್ರ ಶಾಖೆಯವರು ಸರದಿಯಂತೆ ಬಂದು ಗೋಡೆ ಹಲ್ಲಿಯ ಕೆಳಗೆ ಕುರ್ಚಿ ಹಾಕಿ ಕೂರುತ್ತಿರುವುದು ಗಮನಕ್ಕೆ ಬಂದಿದೆ. ಸೌಲಭ್ಯವನ್ನು ಹಿಂಪಡೆಯಲಾಗಿದೆ. ಹಲ್ಲಿ ಮೈಮೇಲೆ ಬಿದ್ದವರು ಕಚೇರಿಯ ನಲ್ಲಿಯಲ್ಲೇ ತಲೆ ತೊಳೆದುಕೊಳ್ಳುವುದು.

೬. ದೃಢೀಕರಣ: ಈ ಕಚೇರಿಯ ಗೋಡೆ ಹಲ್ಲಿ ಲೊಚಗುಟ್ಟಿದ್ದು ಮಾತ್ರ ಮಾನ್ಯ. ಬೇರೆ ಇಲಾಖೆಗಳ ಹಲ್ಲಿಗಳ ದೃಢೀಕರಣವನ್ನು ಪರಿಗಣಿಸಲಾಗುವುದಿಲ್ಲ. ಸಿಬ್ಬಂದಿ ತಮ್ಮ ನಾಲಗೆಯಿಂದ ಲೊಚಗುಟ್ಟುವುದು ಶಿಸ್ತುಕ್ರಮಕ್ಕೆ ಅರ್ಹ. (ಶ್ರೀ ಇರ್ವಿನ್ ಅವರ ಸಾಂದರ್ಭಿಕ ರಜೆಯ ಅರ್ಜಿ ಚರ್ಚೆಯಲ್ಲಿದ್ದಾಗ ಕೇಳಿಬಂದ ಸದ್ದು ಗೋಡೆಯ ಕಡೆಯಿಂದ ಬಂದದ್ದಲ್ಲ.)

೭. ಹೆಸರು: ಹಲ್ಲಿಗಳಿಗೆ ಹೆಸರಿಡತಕ್ಕದ್ದಲ್ಲ. ಹೆಸರಿಟ್ಟರೆ ಮಮತೆ ಬೆಳೆಯುತ್ತದೆ, ಮಮತೆ ಬೆಳೆದರೆ ವಾಪಸಾತಿ ಕಷ್ಟವಾಗುತ್ತದೆ. ಅವುಗಳನ್ನು ಒಂದರಿಂದ ಐದರವರೆಗಿನ ಸಂಖ್ಯೆಯಿಂದಲೇ ಕರೆಯತಕ್ಕದ್ದು. ಐದನೇ ಸಂಖ್ಯೆಯ ಸಣ್ಣ ಹಲ್ಲಿಯನ್ನು ಶ್ರೀಮತಿ ಫರ್ಝಾನಾ ಅವರು ತಮ್ಮ ಮನೆಮಾತಿನಲ್ಲಿ ಮಗುವನ್ನು ಕರೆಯುವಂತೆ 'ಕುಂಞಿ' ಎಂದು ಕರೆಯುತ್ತಿದ್ದು, ಅವರಿಗೆ ಎಚ್ಚರಿಕೆ ನೀಡಲಾಗಿದೆ. ಎಚ್ಚರಿಕೆ ನೀಡುವಾಗ ಅಧೀಕ್ಷಕರು, "ನಿಮ್ಮ ಕುಂಞಿ ಇವತ್ತು ಎಂತಾದರೂ ತಿಂದಿತಾ?" ಎಂದು ಕೇಳಿದ್ದನ್ನು ಕಡತಕ್ಕೆ ಸೇರಿಸಬೇಕಾಗಿಲ್ಲ.

೮. ಪ್ರಗತಿ ವರದಿ: ಒಂದರಿಂದ ನಾಲ್ಕರವರೆಗಿನ ಹಲ್ಲಿಗಳು ಬೇಗನೇ ಊಟ ಹಿಡಿದು, ಬಾಲ ತುಂಬಿ, ಮಧ್ಯಾಹ್ನದ ಹೊತ್ತು ಸಿಬ್ಬಂದಿಯಂತೆಯೇ ನಿದ್ರಿಸತೊಡಗಿವೆ. ಕುಂಞಿ ಮಾತ್ರ (ಐದನೇ ಸಂಖ್ಯೆ ಎಂದು ತಿದ್ದಿ ಓದುವುದು) ಏನನ್ನೂ ಮುಟ್ಟಲಿಲ್ಲ. ಶ್ರೀಮತಿ ಫರ್ಝಾನಾ ಅವರು ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ದಿನವೂ ತುಸುತುಸುವೇ ಕಣ್ಣಿನ ಪೊರೆ ನೆನೆಸುತ್ತಿದ್ದರು. ಡಾಕ್ಟರು ಬಂದು ನೋಡಿ, ಸಿರಿಂಜಿನಿಂದ ಬಾಯಿಗೆ ಹನಿಹನಿಯಾಗಿ ಆಹಾರ ಬಿಟ್ಟು, "ತಾನಾಗಿ ತಿನ್ನಬೇಕು ಸರ್. ಇಲ್ಲದಿದ್ದರೆ ಹೆಚ್ಚು ದಿವಸ ಇರ್ಲಿಕ್ಕಿಲ್ಲ" ಎಂದು ಹೇಳಿ ಹೋದರು.

ಅಂದಿನಿಂದ ಕಚೇರಿ ಇಕ್ಕಟ್ಟಿಗೆ ಸಿಕ್ಕಿಕೊಂಡಿತು. ಅದು ತಿನ್ನದಿದ್ದರೆ ಸಾಯುತ್ತದೆ. ತಿಂದರೆ ಐದೂ ಗುಣವಾದಂತೆ. ಉಲ್ಲೇಖ (ಆ)ರ ಪ್ರಕಾರ ಮತ್ತೆ ಆ ಎಸಿ, ಆ ಬಸಳೆ. ಈ ಆದೇಶವನ್ನು ಬರೆದ ಮಹಾಶಯರು ಯಾರೆಂದು ಅಧೀಕ್ಷಕರು ಸಿಟ್ಟಿನಿಂದ ಕಡತ ತೆರೆದು ನೋಡಿ, ಸಹಿ ಗುರುತಿಸಿ, ಮುಚ್ಚಿಟ್ಟರು.

೯. ಭೇಟಿಯ ವೇಳೆ: ರೆಕಾರ್ಡ್ ಕೊಠಡಿಗೆ ಕಡತ ಹುಡುಕುವ ನೆಪದಲ್ಲಿ ಪ್ರವೇಶಿಸತಕ್ಕದ್ದಲ್ಲ. ಕಳೆದ ತಿಂಗಳು ಅತಿ ಹೆಚ್ಚು ಬಾರಿ ಹಾಗೆ ಪ್ರವೇಶಿಸಿದವರು ಅಧೀಕ್ಷಕರೆಂದು ತಿಳಿದುಬಂದಿದ್ದು, ಅವರಿಗೆ ಅವರೇ ನೋಟಿಸು ಕೊಟ್ಟುಕೊಂಡಿದ್ದಾರೆ. ಉತ್ತರ ಇನ್ನೂ ಬಂದಿರುವುದಿಲ್ಲ.

೧೦. ವಾಪಸಾತಿ ಕುರಿತು ಸಂಗತಿಗಳು: ಸೋಣ ಮುಗಿದ ಮೇಲೆ ಶ್ರೀ ಚಿತ್ತರಂಜನ ಅವರು ವಾರಕ್ಕೊಮ್ಮೆ ಈ ಕಚೇರಿಗೆ ಬಂದು ಬಾಗಿಲ ಹೊರಗೆ ನಿಲ್ಲುತ್ತಿದ್ದರು. ಬರಿಗೈಯಲ್ಲಿ ಬರುತ್ತಿರಲಿಲ್ಲ. ವಾಮಂಜೂರಿನಲ್ಲಿ ಅವರ ಕುಟುಂಬಕ್ಕೆ ಸೇರಿದ, ಸೈಟುಗಳ ನಡುವೆ ಉಳಿದಿರುವ ತುಂಡು ಗದ್ದೆಯಲ್ಲಿ ತಾವೇ ಮುಂಡು ಎತ್ತಿ ಕಟ್ಟಿ ಹಿಡಿದ ಮಿಡತೆಗಳನ್ನು ಬಾಟಲಿಯಲ್ಲಿ ತರುತ್ತಿದ್ದರು. ಮೊದಲ ಸಲ ಬಂದಾಗ, "ಇನ್ನು ನಾನು ಸರಿಯಾಗಿ ನೋಡಿಕೊಳ್ತೇನೆ ಸರ್" ಎಂದು ಹೇಳಿ ಟ್ಯೂಬ್‌ಲೈಟಿನ ಕಡೆ ನೋಡಿದರು. ಎಲ್ಲರೂ ನೋಡಿದರು. ಹಲ್ಲಿ ಲೊಚಗುಟ್ಟಲಿಲ್ಲ. ಸ್ವಲ್ಪ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ಆಗಲೂ ಇಲ್ಲ. ಅವರ ಮುಖ ಸಣ್ಣದಾಯಿತು. "ಅದು ಊಟಕ್ಕೆ ಹೋಗಿರಬೇಕು" ಎಂದು ಶ್ರೀಮತಿ ಫರ್ಝಾನಾ ಅವರು ಸಮಾಧಾನ ಹೇಳಿ ಚಹಾ ತರಿಸಿದರು.

ನಿನ್ನೆ ಮಧ್ಯಾಹ್ನ ಊಟದ ವೇಳೆ ಅಧೀಕ್ಷಕರು ಹಳೆಯ ಕಡತವೊಂದನ್ನು ಹುಡುಕುತ್ತಾ (ಕಂಡಿಕೆ ೯ ಗಮನಿಸುವುದು) ರೆಕಾರ್ಡ್ ಕೊಠಡಿಗೆ ಹೋದಾಗ ಅಲ್ಲಿ ಶ್ರೀ ಚಿತ್ತರಂಜನ ಅವರು, ಯಾರೂ ಇಲ್ಲದ ಹೊತ್ತು ನೋಡಿ ಒಳಗೆ ಬಂದು, ಬಾಟಲಿ ಹಿಡಿದು ನಿಂತಿದ್ದರು. ಆ ಬೆಳಿಗ್ಗೆಯಷ್ಟೇ ಕುಂಞಿಯ ಎಡಗಣ್ಣಿನ ಪೊರೆ ಕಳಚಿ, ಕಣ್ಣು ತೆರೆದಿತ್ತು. ಮಿಡತೆ ಹಿಡಿಯುವ ಚಿಮಟದ ಖರೀದಿಯು ಲೆಕ್ಕಪತ್ರ ಶಾಖೆಯ ಆಕ್ಷೇಪಣೆಯಲ್ಲಿ ಬಾಕಿಯಿತ್ತು. ಶ್ರೀ ಚಿತ್ತರಂಜನ ಅವರು ಒಂದು ಮಿಡತೆಯನ್ನು ಪುಡಿಯಲ್ಲಿ ಹೊರಳಿಸಿ, ಅಧೀಕ್ಷಕರ ಮುಂದೆ ಹಿಡಿದು, "ನೀವೇ ಕೊಡಿ ಸರ್. ನಾನು ಕೊಟ್ಟರೆ ಅದಕ್ಕೆ ಬಸಳೆ ನೆನಪಾದೀತು" ಎಂದರು.

ಅಧೀಕ್ಷಕರು ಜೀವಮಾನದಲ್ಲಿ ಮೊದಲ ಬಾರಿಗೆ, ಬರಿಯ ಬೆರಳಿನಲ್ಲಿ, ಹಲ್ಲಿಯೊಂದರ ಬಾಯಿಯ ಮುಂದೆ ಕೈಚಾಚಿದರು. ಅದು ಎರಡು ಕಣ್ಣಿನಿಂದಲೂ ಅವರನ್ನು ನೋಡಿತು. ತುಟಿ ನೆಕ್ಕಿತು. ನೂಲಿನಂಥ ಬಾಲದ ತುದಿಯನ್ನು ಅಲ್ಲಾಡಿಸಿತು. ಆಮೇಲೆ ಹಾರಿ ಮಿಡತೆಯನ್ನೂ ಅದರೊಂದಿಗೆ ಅಧೀಕ್ಷಕರ ತೋರುಬೆರಳನ್ನೂ ಕಚ್ಚಿತು. ಬೆರಳನ್ನು ಬಿಟ್ಟು ಮಿಡತೆಯನ್ನು ನುಂಗಿತು. ಬೊಬ್ಬೆ ಕೇಳಿ ಊಟ ಬಿಟ್ಟು ಓಡಿಬಂದ ಸಿಬ್ಬಂದಿಯು, ಅಧೀಕ್ಷಕರು ಬೆರಳು ಮೇಲೆತ್ತಿಕೊಂಡು ನಗುತ್ತಿರುವುದನ್ನೂ, ಅವರ ಕನ್ನಡಕ ಒದ್ದೆಯಾಗಿರುವುದನ್ನೂ ಕಂಡರು.

ಆಗ ಶ್ರೀ ಚಿತ್ತರಂಜನ ಅವರು ಯಾವ ಕಡೆಯೂ ನೋಡದೆ, ಡಬ್ಬಿಯನ್ನೇ ನೋಡುತ್ತಾ, ಮೆಲ್ಲಗೆ ಹೇಳಿದರು: "ಇವು ಇಲ್ಲೇ ಇರಲಿ ಸರ್. ನಾನು ನೋಡಿಕೊಂಡದ್ದು ನೋಡಿಕೊಂಡದ್ದಲ್ಲ."

ಹಲ್ಲಿ ಲೊಚಗುಟ್ಟಿತು.

ಸದ್ದು ಹೊರಗಿನ ಟ್ಯೂಬ್‌ಲೈಟಿನ ಹಿಂದಿನಿಂದಲೇ ಬಂದದ್ದು. ರೆಕಾರ್ಡ್ ಕೊಠಡಿಯಲ್ಲಿ ಮೇಜು ಇಲ್ಲದ ಕಾರಣ ಎಲ್ಲರೂ ಕಪಾಟು ತಟ್ಟಿದರು. ಶ್ರೀ ಇರ್ವಿನ್ ಅವರ ಬಾಯಿ ಆ ವೇಳೆ ಚಪಾತಿಯಿಂದ ತುಂಬಿದ್ದು, ಸದ್ದು ಅವರದ್ದಲ್ಲವೆಂದು ಖಚಿತಪಡಿಸಿಕೊಳ್ಳಲಾಗಿದೆ.

೧೧. ಆದೇಶ: ಮೇಲ್ಕಂಡ ದೃಢೀಕರಣವನ್ನು ಮೀರುವ ಅಧಿಕಾರ ಈ ಕಚೇರಿಗೆ ಇಲ್ಲದಿರುವುದರಿಂದ, ಉಲ್ಲೇಖ (ಆ)ರ ವಾಪಸಾತಿ ಆದೇಶವನ್ನು ಈ ಮೂಲಕ ರದ್ದುಪಡಿಸಲಾಗಿದೆ. ಶ್ರೀ ಚಿತ್ತರಂಜನ ಅವರು ವಾರಕ್ಕೊಮ್ಮೆ ಬರುವುದನ್ನು ಮುಂದುವರಿಸತಕ್ಕದ್ದು. ಇನ್ನು ಮುಂದೆ ಬಾಗಿಲ ಹೊರಗೆ ನಿಲ್ಲತಕ್ಕದ್ದಲ್ಲ. ಅವರ ಅಂಗಡಿಯಲ್ಲಿ ಉಳಿದಿರುವ ಪ್ರಾಣಿಗಳನ್ನು ಡಾ. ಸಂಚಿತಾ ಅವರು ಹೋಗಿ ನೋಡಿ ಬರತಕ್ಕದ್ದು, ಮತ್ತು ಮುಂದಿನ ಸೋಣ ತಿಂಗಳಿನಲ್ಲಿ ಮೀನು-ಮಾಂಸ ಬಿಡುವ ವ್ರತವನ್ನು ಅಂಗಡಿಯಲ್ಲಿ ಮಾಲೀಕರೊಬ್ಬರೇ ಆಚರಿಸತಕ್ಕದ್ದು. ಕಂಡಿಕೆ ೭ನ್ನು ಕೈಬಿಡಲಾಗಿದೆ.

ಈ ಬಗ್ಗೆ ಅಧೀಕ್ಷಕರಿಗೆ ತುಂಬಾ ಸಂತೋಷವಾಗಿದೆ. ಸುತ್ತೋಲೆಯಲ್ಲಿ ಹೀಗೆ ಬರೆಯುವ ಪದ್ಧತಿ ಇರುವುದಿಲ್ಲ. ಆದಾಗ್ಯೂ ಬರೆಯಲಾಗಿದೆ.

ಸಹಿ/-
(ಪೃಥ್ವಿರಾಜ್)
ಅಧೀಕ್ಷಕರು
(ತೋರುಬೆರಳಿಗೆ ಬ್ಯಾಂಡೇಜ್ ಇರುವುದರಿಂದ ಸಹಿ ಸೊಟ್ಟಗಿದೆ, ಅಸಲಿಯೇ ಎಂದು ಪರಿಗಣಿಸುವುದು)

ಪ್ರತಿಗಳು:
೧. ಶ್ರೀಮತಿ ಫರ್ಝಾನಾ, ಪ್ರಥಮ ದರ್ಜೆ ಸಹಾಯಕಿ: ಎಚ್ಚರಿಕೆ ಹಿಂಪಡೆದಿರುವ ಮಾಹಿತಿಗಾಗಿ, ಮತ್ತು ಬಿರಿಯಾನಿ ಡಬ್ಬಿ ಹಿಂತಿರುಗಿಸಲು ಸಾಧ್ಯವಿಲ್ಲದ ಬಗ್ಗೆ ವಿಷಾದದೊಂದಿಗೆ.
೨. ಶ್ರೀ ಚಿತ್ತರಂಜನ, ಅತ್ತಾವರ: ಮಾಹಿತಿಗಾಗಿ. ಬರುವಾಗ ಸಣ್ಣ ಮಿಡತೆಗಳನ್ನೇ ತರುವುದು.
೩. ಡಾ. ಸಂಚಿತಾ, ಪಶುವೈದ್ಯೆ: ಅಧೀಕ್ಷಕರ ಬೆರಳನ್ನೂ ಒಮ್ಮೆ ನೋಡುವ ಕೋರಿಕೆಯೊಂದಿಗೆ.
೪. ಶ್ರೀ ಇರ್ವಿನ್, ಡಿಸ್ಪ್ಯಾಚ್ ಶಾಖೆ: ರವಾನಿಸಲು. ಸುಕ್ಕದ ವಿಷಯ ಇನ್ನೂ ಬಾಕಿ ಇದೆ.
೫. ಲೆಕ್ಕಪತ್ರ ಶಾಖೆ: ಕುರ್ಚಿಗಳನ್ನು ಸ್ವಸ್ಥಾನಕ್ಕೆ ಮರಳಿಸಲು.
೬. ಗೋಡೆ ಹಲ್ಲಿ, ಟ್ಯೂಬ್‌ಲೈಟಿನ ಹಿಂದೆ: ಮೊದಲೇ ತಿಳಿದಿರುವುದರಿಂದ ಪ್ರತಿ ಕಳುಹಿಸಿಲ್ಲ.
೭. ಕುಂಞಿ, ರೆಕಾರ್ಡ್ ಕೊಠಡಿ, ಯುಪಿಎಸ್ ಮೇಲೆ: ಹಾಸಿಕೊಳ್ಳಲು, ಶಾಯಿ ಒಣಗಿದ ನಂತರ.